ಕೊತ್ತಳಿಗೆಯ ಮೇಲಿನ ಬೂದಿ

ಕಾಸರಗೋಡು ಕೇರಳಕ್ಕೆ ಸೇರುವ ಮೊದಲಿನ ಮಾತು. ಕಾಲೇಜಿನಲ್ಲಿ ನನಗೆ ಭೂಗರ್ಭಶಾಸ್ತ್ರ ಕಲಿಸಿದ ಪ್ರೊಫೆಸರರು ನನ್ನ ಕೆಲಸವನ್ನು ತಮ್ಮ ಹೆಸರಿನಲ್ಲಿ ಅಚ್ಚು ಹಾಕಿಸಿಕೊಂಡರು. ಜ್ವಾಲಾಮುಖಿಯ ಬೂದಿಯಲ್ಲಿ ಹೂತು ಕಲ್ಲಾದ ತಾಳೆಜಾತಿಯ ಕಾಂಡಗಳನ್ನು ನಾನು ಅಳೆದಿದ್ದೆ. ಬದುಕಿದ್ದಾಗ ದುಂಡಗಿದ್ದ ಕಾಂಡ ಎಷ್ಟು ಚಪ್ಪಟೆಯಾಗಿದೆಯೋ, ಬೂದಿಯ ಪದರ ಅಷ್ಟು ಕುಗ್ಗಿದೆ ಎಂದು ಲೆಕ್ಕ. ಆ ಕಲ್ಲುಗಳ ಪೆಟ್ಟಿಗೆಯಲ್ಲಿ ಕಲ್ಲಾದ ಗರಿಯ ದಂಟುಗಳೂ ಇದ್ದವು. ಅವು ಹುಟ್ಟಿನಿಂದಲೇ ಚಪ್ಪಟೆ ಎಂದು ತೆಂಗಿನ ಊರಿನವನಾದ ನಾನು ಬದಿಗಿಟ್ಟಿದ್ದೆ. ಜೋಳದ ಸೀಮೆಯ ಪ್ರೊಫೆಸರರು ಅವನ್ನೂ ಕಾಂಡವೆಂದು ಅಳೆದು, ಬೂದಿ ಮೂರರಲ್ಲಿ ಒಂದು ಪಾಲಿಗೆ ಕುಗ್ಗಿದೆ ಎಂದು ಬರೆದರು. ಅದನ್ನು ಓದಿಯೂ ನಾನು ಬಾಯಿ ಬಿಡಲಿಲ್ಲ.

ಮುಂದಿನ ಬೇಸಿಗೆಯಲ್ಲಿ ನಮ್ಮೂರಿನ ಶಾಲೆಯಲ್ಲಿ ಅವರ ಭಾಷಣ ಇಡಿಸಿದವನು ನಾನೇ. ನೆಕ್ರಾಜೆ, ಮೊಗ್ರಾಲಿನ ತೋಟದವರನ್ನೆಲ್ಲ ಕರೆದು ಕೂರಿಸಿದೆ. ಹಾರವನ್ನೂ ನಾನೇ ಹಾಕಿದೆ. ಅವರು ಚಪ್ಪಟೆ ಕಲ್ಲುಗಳನ್ನು ಎತ್ತಿ ತೋರಿಸಿ ಬೂದಿಯ ಭಾರವನ್ನು ಬಣ್ಣಿಸಿದರು. ಮುಗಿದ ಮೇಲೆ, ಆ ದಿನ ಬೆಳಿಗ್ಗೆ ಹಿತ್ತಿಲಲ್ಲಿ ಬಿದ್ದಿದ್ದ ತೆಂಗಿನ ಗರಿಯ ದಂಟಿನ ಬುಡವನ್ನು, ನಮ್ಮ ಕೊತ್ತಳಿಗೆಯನ್ನು, ಅವರ ಮುಂದಿಟ್ಟೆ.

"ಇದನ್ನೂ ಒಮ್ಮೆ ಅಳೆಯಿರಿ ಸರ್."

ಅಳೆದರು. ಅದೂ ಆ ಕಲ್ಲುಗಳಷ್ಟೇ ಚಪ್ಪಟೆಯಾಗಿತ್ತು.

ಮುಂದಿನ ಬೆಂಚಿನಲ್ಲಿದ್ದ ನನ್ನ ಸೋದರಮಾವ ಕೇಳಿದರು: "ಎಂತ ಮಾರಾಯ, ನಿನ್ನೆ ನಮ್ಮ ತೋಟಕ್ಕೆ ಬೂದಿ ಬಿದ್ದದ್ದುಂಟಾ?"

ಸಭೆಯೆಲ್ಲ ನಕ್ಕಿತು. ನಾನು ನಗಲಿಲ್ಲ, ವಂದನಾರ್ಪಣೆ ಬಾಕಿಯಿತ್ತು. ಎದ್ದು ನಿಂತು, ಕೈಮುಗಿದು, ನಿಧಾನವಾಗಿ ಹೇಳಿದೆ: "ಈ ಲೆಕ್ಕದಲ್ಲಿ ನನ್ನದು ಎಂತದ್ದೂ ಇಲ್ಲ. ಪೂರ್ತಿ ಸರ್ ಅವರದ್ದೇ."