ಮಗಳು ಬುಕ್ ಮಾಡಿದ ಕೋಣೆ

ಕೆಲಸಕ್ಕೆ ಸೇರಿದ ವರ್ಷ ಮಗಳು ನನ್ನ ಹುಟ್ಟುಹಬ್ಬಕ್ಕೆಂದು ನಾಸಿಕದ ಒಂದು ಹೋಟೆಲಿನಲ್ಲಿ ಕೋಣೆ ಹಿಡಿದಳು. ಹೋಟೆಲ್ ಅಂದರೆ ಬೇರೆ ಯಾವುದೂ ಅಲ್ಲ, ಅವಳು ಚಿಕ್ಕವಳಿದ್ದಾಗ ನಾವು ಬಾಡಿಗೆಗಿದ್ದ, ಅಂಗಳದ ಸುತ್ತ ನಾಲ್ಕಾರು ಸಂಸಾರಗಳಿದ್ದ ಹಳೇ ವಾಡೆಯೇ. ಮಾಲೀಕರ ಮೊಮ್ಮಗ ಅದನ್ನು ರಿಪೇರಿ ಮಾಡಿಸಿ, ತೇಗದ ಕಂಬಗಳಿಗೆ ಪಾಲಿಶ್ ಹೊಡೆಸಿ ಹೋಟೆಲ್ ಮಾಡಿದ್ದ.

"ಅವ್ವಾ, ಸರ್‌ಪ್ರೈಜ್! ಆಪ್ಲೀ ರೂಮ್ ಸಿಕ್ಕೇತಿ, ನಮ್ಮ ಮನೀನs," ಅಂದಳು. ನನಗೆ ಕಣ್ಣು ತುಂಬಿ ಬಂತು. ಇವಳು ಮೊದಲ ಹೆಜ್ಜೆ ಇಟ್ಟ ಮನೆ ಇವಳಿಗೆ ನೆನಪಿದೆಯಲ್ಲ ಎಂದು ಹಿಗ್ಗಿಹೋದೆ.

ಒಳಗೆ ಹೋದರೆ ಗುರುತೇ ಸಿಗಲಿಲ್ಲ. ನಾವು ಹೆಂಗಸರು ಕೊಡ ಹಿಡಿದು ಜಗಳಾಡುತ್ತಿದ್ದ ನಲ್ಲಿಯ ಜಾಗದಲ್ಲಿ ಹಿತ್ತಾಳೆ ಪಾತ್ರೆಯಲ್ಲಿ ಹೂವು ತೇಲುತ್ತಿತ್ತು. ಗೋಡೆಯ ಗಿಲಾವು ಉದುರುತ್ತದೆ ಎಂದು ಮಾಲೀಕರಿಗೆ ಎಷ್ಟು ಸಲ ಗೋಗರೆದಿದ್ದೆವೋ, ಈಗ ಅದೇ ಬರಿಯ ಇಟ್ಟಿಗೆಗೆ ದೀಪ ಬಿಟ್ಟು ತೋರಿಸುತ್ತಿದ್ದರು. ಕೋಕಮ್ ಶರಬತ್ತು ಕೊಟ್ಟು, ಬೀಗದ ಕೈ ಹಿಡಿದವನು ಮೆಟ್ಟಿಲು ಹತ್ತತೊಡಗಿದ. ನಾನು ಕೆಳಗೇ ನಿಂತೆ.

ನಮ್ಮ ಎರಡು ಕೋಣೆ ಇದ್ದದ್ದು ಕೆಳಗೆ. ಮೇಲಿದ್ದದ್ದು ಕಾಕುವಿನ ಮನೆ.

ಕಾಕು ಅಂದರೆ ಮೇಲಿನ ಮನೆಯ ಮರಾಠಿ ಹೆಂಗಸು. ನಾನು ವಿಜಯಪುರದಿಂದ ವರ್ಗವಾಗಿ ಬಂದು ಸಾತಪುರದ ಬ್ಯಾಂಕ್ ಶಾಖೆಯಲ್ಲಿದ್ದೆ. ನಮ್ಮೆಜಮಾನರು ಓಝರ್ ಕಡೆಯ ವಿಮಾನ ಕಾರ್ಖಾನೆಗೆ ನಸುಕಿನಲ್ಲೇ ಬಸ್ ಹಿಡಿಯುತ್ತಿದ್ದರು. ಮಗು ದಿನವೆಲ್ಲ ಕಾಕುವಿನ ಹತ್ತಿರ. ಆಕೆಯ ಮಕ್ಕಳು ಕರೆಯುವುದನ್ನು ಕೇಳಿ ಇವಳೂ ಆಕೆಯನ್ನು 'ಆಯಿ' ಅನ್ನತೊಡಗಿದಳು; ಮರಾಠಿಯಲ್ಲಿ ಆಯಿ ಅಂದರೆ ತಾಯಿ. ನಾನು ಅವ್ವ, ಆಕೆ ಆಯಿ. ಮಗುವಿಗೆ ಕನ್ನಡ ಅರ್ಥವಾಗುತ್ತಿತ್ತು, ಆದರೆ ಅತ್ತರೆ ಮರಾಠಿಯಲ್ಲೇ ಅಳುತ್ತಿದ್ದಳು. ಮುಚ್ಚುಮರೆ ಯಾಕೆ, ಕಾಕುವನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಉಪಕಾರ ಮಾಡಿದವರ ಮೇಲಿನ ಹೊಟ್ಟೆಕಿಚ್ಚನ್ನು ಬಾಯಿಬಿಟ್ಟು ಹೇಳಿಕೊಳ್ಳುವ ಹಾಗೂ ಇಲ್ಲ.

ಕೊನೆಗೆ ನಾನೂ ಹತ್ತಿದೆ. ಮಗಳು ಕಾಕುವಿನ ಆ ಕೋಣೆಗೆ ಹೋದವಳೇ ಹಾಸಿಗೆಯ ಮೇಲೆ ಬಿದ್ದು, "ನೋಡವ್ವಾ, ಈ ಕಿಡಕಿಯಾಗ ಆಯಿ ನನ್ನ ಕುಂದ್ರಿಸಿ ಜಡಿ ಹಾಕತಿದ್ಲು. ಇಲ್ಲೆ ಹಪ್ಪಳ ಒಣಗಸ್ತಿದ್ಲು," ಎಂದು ಒಂದೊಂದೇ ಮೂಲೆ ತೋರಿಸಿದಳು.

"ಮತ್ತ ನಮ್ಮ ಮನಿ?" ಅಂದೆ.

"ಖಾಲ್‌ಚಂ? ಕೆಳಗಿಂದಾ? ಅಲ್ಲಿ ನಾವು ಬರೇ ಮಲಕ್ಕೋತಿದ್ವಿ ಅಲ್ಲನವ್ವಾ," ಅಂದಳು. ಅವಳ ಮಾತಿನಲ್ಲಿ ಕೊಂಕಿರಲಿಲ್ಲ. ಅದಕ್ಕೇ ಇನ್ನಷ್ಟು ಚುಚ್ಚಿತು.

ಕೆಳಗಿಳಿದು ನೋಡಿದೆ. ನಮ್ಮ ಎರಡು ಕೋಣೆ ಈಗ ಇಸ್ತ್ರಿ ಮಾಡುವ ಜಾಗ. ಅತಿಥಿಗಳ ಹಾಸಿಗೆ ಚಾದರ, ಟವೆಲ್ಲುಗಳನ್ನು ಸೂರಿನವರೆಗೆ ಒಟ್ಟಿದ್ದರು. ಕಾಕುವಿನ ಕೋಣೆಗೆ ರೇಶಿಮೆ ಪರದೆ, ನನ್ನ ಅಡುಗೆಮನೆಗೆ ಒಗೆದ ಬಟ್ಟೆಯ ಗಂಟು. ಅದನ್ನೂ ಆಕೆಯೇ ಮಾಡಿಸಿದಳೇನೋ ಅನ್ನುವಷ್ಟು ಸಿಟ್ಟು ಬಂತು.

ಮೇಲೆ ಬಂದರೆ ಮಗಳು ಆಗಲೇ ಕಾಕುವಿಗೆ ವಿಡಿಯೋ ಕಾಲ್ ಹಚ್ಚಿದ್ದಳು. ಕಾಕು ಈಗ ಸಂಭಾಜಿನಗರದಲ್ಲಿ ಮಗನ ಮನೆಯಲ್ಲಿದ್ದಾಳೆ. ಪರದೆ, ಮಂಚ, ಬಾತ್‌ರೂಮು ಎಲ್ಲ ತೋರಿಸಿ ಮುಗಿದ ಮೇಲೆ ಫೋನು ನನ್ನ ಕೈಗೆ ಬಂತು.

"ಆರಾಮ ಇದ್ದೀರೇನ್ರಿ ಕಾಕು?" ಎಂದು ಮರಾಠಿಯಲ್ಲೇ ಕೇಳಿದೆ.

ಆಕೆ ನಗುತ್ತ ಮರಾಠಿಯಲ್ಲಿ ಅಂದಳು: "ಆ ಕೋಣೆ ಕಂಡರೆ ನಿನ್ನ ಮೇಲಿನ ಸಿಟ್ಟೇ ನೆನಪಾಗತದ. ದಿನವೆಲ್ಲ ನಾನು ನೋಡಿಕೊಂಡರೂ, ಸಂಜೆ ಅಂಗಳದಲ್ಲಿ ನಿನ್ನ ಚಪ್ಪಲಿ ಸದ್ದು ಕೇಳಿದರೆ ಸಾಕು, ಉಣ್ಣುತ್ತಿದ್ದ ಪೋರಿ ಎದ್ದು ಓಡತಿದ್ಲು. ಕಲಸಿದ ತುತ್ತು ನನ್ನ ಕೈಯಲ್ಲೇ ಉಳೀತಿತ್ತು."

ಮಗಳು ಹಿಂದಿನಿಂದ ಇಣುಕಿ, "ಖರೇನs? ನನಗ ನೆನಪs ಇಲ್ಲ," ಅಂದಳು.

ನನಗೂ ಇರಲಿಲ್ಲ. ನನಗೆ ನೆನಪಿದ್ದದ್ದು, ಎತ್ತಿಕೊಂಡು ಮೆಟ್ಟಿಲು ಇಳಿಯುವಾಗ ನನ್ನ ಹೆಗಲ ಮೇಲಿಂದ ಆಕೆಯ ಕಡೆಗೆ ಕೈಚಾಚಿ ಅಳುತ್ತಿದ್ದ ಮಗು ಮಾತ್ರ. ನನ್ನ ಮಗಳು ನನಗಾಗಿ ಓಡಿ ಬರುತ್ತಿದ್ದದ್ದನ್ನೂ ಇಷ್ಟು ವರ್ಷ ಜೋಪಾನ ಮಾಡಿ ಇಟ್ಟುಕೊಂಡವಳು ಕಾಕುವೇ. ಅದಕ್ಕೂ ನನ್ನ ಹೊಟ್ಟೆ ಉರಿಯಿತು.