ಮಬ್ಬು ಹೋದ ಬಾಟಲಿ

2023ರ ಫೆಬ್ರವರಿಯ ಒಂದು ಬುಧವಾರ ಮಧ್ಯಾಹ್ನ, ಟ್ಯಾಂಕರ್ ಚಾಲಕ ಹಮೀದ್ ಊಟಕ್ಕೆಂದು ಫ್ಲ್ಯಾಟಿಗೆ ಬಂದು, ಫ್ರಿಜ್ಜಿನಿಂದ ಅಮಲಿಲ್ಲದ ಮಾಲ್ಟ್ ಪಾನೀಯದ ಬಾಟಲಿಯೊಂದನ್ನು ತೆಗೆದು ಅರ್ಧ ಕುಡಿದರು. ಅದರಲ್ಲಿದ್ದದ್ದು ಬಿಯರ್.

ನಾನು ಆಗ ಸೌದಿ ಅರೇಬಿಯಾದ ಹಾಯಿಲ್ ನಗರದ ಹೊರಗಿನ ಒಂದು ನೀರು ಶುದ್ಧೀಕರಣ ಘಟಕದಲ್ಲಿ ಲ್ಯಾಬ್ ಇನ್‌ಚಾರ್ಜ್. ಹಮೀದ್ ಸುರತ್ಕಲ್ ಕಡೆಯ ಬ್ಯಾರಿ. ಅವರೊಂದಿಗೆ ಫ್ಲ್ಯಾಟ್ ಹಂಚಿಕೊಂಡಿದ್ದ ವಾಸುದೇವ ಕಾಪು ಕಡೆಯವನು, ನನ್ನ ಲ್ಯಾಬಿನ ಟೆಕ್ನಿಷಿಯನ್. ದಾವಣಗೆರೆಯವನಾದ ನಾನು ಎದುರು ಫ್ಲ್ಯಾಟಿನಲ್ಲಿ ಒಬ್ಬನೇ ಇದ್ದೆ. ತುಳುವಿನಲ್ಲಿ ಮಾತಾಡಿಕೊಂಡಿರುತ್ತಿದ್ದ ಅವರಿಬ್ಬರೂ ನಾನು ಒಳಗೆ ಬಂದರೆ ಕನ್ನಡಕ್ಕೆ ಬರುತ್ತಿದ್ದರು. ಶುಕ್ರವಾರ ಹಮೀದ್ ಮೀನು ತರುತ್ತಿದ್ದರು, ವಾಸುದೇವ ಸಾರು ಮಾಡುತ್ತಿದ್ದ. ಉಂಡ ಮೇಲೆ ಮೂವರೂ ಒಂದೊಂದು ಗೋಡೆಗೆ ಮುಖ ಮಾಡಿ ಮನೆಗೆ ಫೋನ್ ಮಾಡುತ್ತಿದ್ದೆವು. ವಾರದ ಉಳಿದ ದಿನಗಳಲ್ಲಿ ಶಿಫ್ಟ್ ಬೇರೆ ಬೇರೆ. ಯಾರು ಬಂದರು, ಯಾರು ಹೋದರು ಎಂಬುದು ಬಾಗಿಲ ಬಳಿಯ ಚಪ್ಪಲಿಗಳಿಂದ ತಿಳಿಯುತ್ತಿತ್ತು.

ವಾಸುದೇವ ಅಂಗಡಿಯ ಮಾಲ್ಟ್ ಪಾನೀಯಕ್ಕೆ ಸಕ್ಕರೆ, ಯೀಸ್ಟ್ ಸೇರಿಸಿ ನೀರಿನ ಕ್ಯಾನಿನಲ್ಲಿ ಬಿಯರ್ ಮಾಡುತ್ತಿದ್ದ. ಸಿಕ್ಕಿಬಿದ್ದರೆ ಜೈಲು, ಆಮೇಲೆ ಗಡೀಪಾರು. ಅದು ಅವನಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ಅವನು ಕುಡಿಯುತ್ತಿದ್ದದ್ದು ಕಡಿಮೆ. ಕೆಲಸದಿಂದ ಬಂದವನೇ ಕ್ಯಾನಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಗುಳ್ಳೆ ಏಳುವುದನ್ನು ನೋಡುತ್ತಿದ್ದ. ಆ ಫ್ಲ್ಯಾಟಿನಲ್ಲಿ ಅವನು ಬರುವ ಹೊತ್ತಿಗೆ ಬೇರೇನೂ ಅಲುಗಾಡುತ್ತಿರಲಿಲ್ಲ.

ಹಮೀದ್ ಒಂದೇ ಷರತ್ತು ಹಾಕಿದ್ದರು: "ಅದು ನಿನ್ನ ಲೆಕ್ಕ. ಫ್ರಿಜ್ಜಿನೊಳಗೆ ಮೇಲಿನ ಹಲಗೆ ನನ್ನದು, ಅಲ್ಲಿಗೆ ಬರಬೇಡ." ಬೇರೆ ಜಾಗ್ರತೆ ಬೇಕಿರಲಿಲ್ಲ. ವಾಸುದೇವನ ಬಿಯರ್ ಅಕ್ಕಿ ತೊಳೆದ ನೀರಿನ ಹಾಗೆ ಮಬ್ಬಾಗಿರುತ್ತಿತ್ತು, ತಳದಲ್ಲಿ ಗಷ್ಟು. ಅಂಗಡಿಯ ಪಾನೀಯದ ಬಾಟಲಿಗೇ ತುಂಬಿಟ್ಟರೂ ನೋಡಿದ ಕೂಡಲೇ ಗೊತ್ತಾಗುತ್ತಿತ್ತು.

ಆ ಮಬ್ಬನ್ನು ತೆಗೆಯಬೇಕೆಂಬ ಆಸೆ ಅವನಿಗೆ ನಮ್ಮ ಕೆಲಸದಿಂದಲೇ ಬಂದಿರಬೇಕು. ಕದಡಿದ ನೀರಿಗೆ ಆಲಂ, ಅಂದರೆ ಪಟಿಕ, ಹಾಕಿದರೆ ಅದರ ಧನ ವಿದ್ಯುದಂಶ ಕೊಳೆಯ ಋಣ ಕಣಗಳನ್ನು ಹಿಡಿದು ಗಂಟು ಕಟ್ಟುತ್ತದೆ. ಗಂಟು ಭಾರವಾಗಿ ತಳಕ್ಕೆ ಇಳಿಯುತ್ತದೆ. ಬಿಯರಿನಲ್ಲಿ ಯೀಸ್ಟಿಗೂ ಪ್ರೋಟೀನಿಗೂ ಜೆಲಾಟಿನ್ ಇದನ್ನೇ ಮಾಡುತ್ತದೆ. ಬಿಸಿ ನೀರಿನಲ್ಲಿ ಕುದಿಸದೆ ಕರಗಿಸಿ, ತಣ್ಣಗಿರುವ ಬಿಯರಿಗೆ ಸುರಿದು, ಅಲುಗಾಡಿಸದೆ ಫ್ರಿಜ್ಜಿನಲ್ಲಿಡಬೇಕು. ಎರಡು ಮೂರು ದಿನಕ್ಕೆ ತಿಳಿಯಾಗುತ್ತದೆ.

ಅಡುಗೆಕಟ್ಟೆಯ ಮೇಲೆ ಜೆಲಾಟಿನ್ ಡಬ್ಬಿ ನೋಡಿ ನಾನೇ ಕೇಳಿದ್ದೆ: "ದನದ್ದು ಅಂತ ಬರೆದಿದೆಯಲ್ಲೋ. ನೀನು ತಿನ್ನಲ್ಲ ಅಲ್ವಾ?"

"ಅದು ತಳಕ್ಕೆ ಹೋಗ್ತದೆ ಸಾರ್. ನಾನು ಕುಡಿಯುದು ಮೇಲಿಂದು."

ಡಬ್ಬಿಯ ಮೇಲೆ ಹಲಾಲ್ ಮುದ್ರೆಯೂ ಇತ್ತು.

"ಯಾಕೆ ಬೇಕು ಇಷ್ಟು ಕಷ್ಟ?"

"ಗ್ಲಾಸಿನಾಚೆ ಎಂತದಾದರೂ ಕಾಣಬೇಕಲ್ಲ ಸಾರ್."

ಫ್ರಿಜ್ಜಿನಲ್ಲಿ ಎಲ್ಲಕ್ಕಿಂತ ತಣ್ಣಗಿದ್ದದ್ದು ಮೇಲಿನ ಹಲಗೆಯ ಹಿಂಭಾಗ. ಹಮೀದ್ ದೂರದ ಟ್ರಿಪ್ಪಿಗೆ ಹೋಗಿದ್ದರು. ಬರುವಷ್ಟರಲ್ಲಿ ತೆಗೆದರಾಯಿತೆಂದು ವಾಸುದೇವ ಅವರ ಮಾಲ್ಟ್ ಪಾನೀಯದ ಪಕ್ಕ ತನ್ನ ಬಾಟಲಿಗಳನ್ನಿಟ್ಟ; ತಿಳಿಯಾದ ಮೇಲೆ ಗಷ್ಟು ಬಿಟ್ಟು ಅಂಥವೇ ಬೇರೆ ಬಾಟಲಿಗಳಿಗೆ ಬಗ್ಗಿಸಿ ಅಲ್ಲೇ ಬಿಟ್ಟಿದ್ದ. ಹಮೀದ್ ಒಂದು ದಿನ ಮೊದಲೇ ಬಂದರು.

ಊಟದ ವಿರಾಮ ಮುಗಿಯುವ ಮೊದಲೇ ಅವರು ಅರ್ಧ ಬಾಟಲಿ ಹಿಡಿದು ಲ್ಯಾಬಿಗೆ ಬಂದು ಬಾಗಿಲು ಹಾಕಿಕೊಂಡರು. "ಇದು ಎಂತ ನೋಡಿ ಸಾರ್. ಕಹಿ ಸ್ವಲ್ಪ ಜಾಸ್ತಿ ಕಂಡಿತು. ಹೊಸ ಫ್ಲೇವರ್ ಅಂತ ಎಣಿಸಿದೆ."

ಬೆಳಕಿಗೆ ಹಿಡಿದೆ. ಎಳ್ಳಷ್ಟೂ ಮಬ್ಬಿರಲಿಲ್ಲ. ಮೂಸಿ ನೋಡಿ ಕೆಳಗಿಟ್ಟೆ.

"ಅದು ನನ್ನದು," ಎಂದ ಬೆಂಚಿನ ಬಳಿ ನಿಂತಿದ್ದ ವಾಸುದೇವ.

"ನಿನ್ನದು ಕಲಡಿಕೊಂಡು ಇರ್ತಿತ್ತಲ್ಲ ಮಾರಾಯ."

"ಜೆಲಾಟಿನ್ ಹಾಕಿದೆ."

ಹಮೀದ್ ಬಾಟಲಿಯನ್ನು ಅವನ ಕಡೆ ಸರಿಸಿದರು. ಆಮೇಲೆ ನನ್ನ ಕಡೆ ತಿರುಗಿದರು. "ಗಾಡಿ ನಾನು ಮುಟ್ಟುದಿಲ್ಲ, ಅದು ಬಿಡಿ. ಅಬು ಸಾಲೆಹ್ ಕೇಳಿದರೆ ಎಂತ ಹೇಳುದು?"

ಅಬು ಸಾಲೆಹ್ ಸಾರಿಗೆ ವಿಭಾಗದ ಸೌದಿ ಮೇಲ್ವಿಚಾರಕರು. ಮಧ್ಯಾಹ್ನದ ನೀರಿನ ಟ್ರಿಪ್ ಹಮೀದರ ಹೆಸರಿನಲ್ಲಿತ್ತು. ನಿಜ ಹೇಳಿದರೆ ವಾಸುದೇವನ ಕೈಗೆ ಕೋಳ.

"ಹೊಟ್ಟೆನೋವು ಹೇಳಿ ಹಮೀದಾಕ," ಎಂದ ವಾಸುದೇವ.

"ಬಾಯಿಗೆ ಇದು ಹೋದದ್ದು ಸಾಲದಾ? ಬಾಯಿಯಿಂದ ಸುಳ್ಳೂ ಬರಬೇಕಾ?"

ನಾನೂ ಹಮೀದರೂ ಸಾರಿಗೆ ಕಚೇರಿಗೆ ಹೋದೆವು. ಹಮೀದ್ ಗಾಡಿಯ ಕೀಲಿಯನ್ನು ಮೇಜಿನ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ನಿಂತರು. ಇವತ್ತು ಓಡಿಸುವುದಿಲ್ಲ ಎಂದು ಅರಬ್ಬಿಯಲ್ಲಿ ಹೇಳಿದರು.

"ಲೇಶ್?" ಯಾಕೆ, ಎಂದರು ಅಬು ಸಾಲೆಹ್.

"ಓಡಿಸಬಾರದ ಸ್ಥಿತಿಯಲ್ಲಿದ್ದೇನೆ. ಕಾರಣ ಕೇಳಬೇಡಿ, ಹೇಳುವುದಿಲ್ಲ."

ಅಬು ಸಾಲೆಹ್ ಅವರನ್ನು ನೋಡಿದರು, ನನ್ನನ್ನು ನೋಡಿದರು, ಕೀಲಿಯನ್ನು ಡ್ರಾಯರಿಗೆ ಹಾಕಿದರು. "ಯಲ್ಲಾ, ನಡಿ, ರೂಮಿಗೆ ಹೋಗು." ಅವರಿಗೆ ಎಷ್ಟು ತಿಳಿಯಿತೋ ನನಗೆ ಇಂದಿಗೂ ಗೊತ್ತಿಲ್ಲ.

ಆ ಸಂಜೆ ವಾಸುದೇವ ಎಲ್ಲವನ್ನೂ ಸಿಂಕಿಗೆ ಸುರಿದು, ಕ್ಯಾನನ್ನು ಕತ್ತರಿಸಿ ಎಸೆದ. ಮುಂದಿನ ವಾರ ಟ್ಯಾಂಕರ್ ಬೇರೆ ಚಾಲಕನ ಪಾಲಾಯಿತು. ಹಮೀದರನ್ನು ವಾಲ್ವ್ ತಿರುಗಿಸುವ ಕೆಲಸಕ್ಕೆ ಹಾಕಿದರು. ಅವರು ಯಾರ ಹೆಸರನ್ನೂ ಹೇಳಲಿಲ್ಲ. ವಾಸುದೇವನೊಡನೆ ಜಗಳವನ್ನೂ ಆಡಲಿಲ್ಲ. ಕೆಲವು ತಿಂಗಳ ನಂತರ ತಾವೇ ಕೇಳಿಕೊಂಡು ಉನೈಜಾದ ಘಟಕಕ್ಕೆ ವರ್ಗವಾದರು.

ನೀರು ತಿಳಿಯಾಯಿತೆಂದ ಮಾತ್ರಕ್ಕೆ ಕುಡಿಯಲು ಯೋಗ್ಯವಾಗುವುದಿಲ್ಲ ಎಂದು ಹೊಸ ಟೆಕ್ನಿಷಿಯನ್‌ಗಳಿಗೆ ಮೊದಲ ದಿನವೇ ಹೇಳುವುದು ನನ್ನ ಕೆಲಸದ ಭಾಗ. ವಾಸುದೇವನಿಗೂ ಹೇಳಿದ್ದೆ. ಮಬ್ಬಿಗೂ ಒಂದು ಉಪಯೋಗವಿರುತ್ತದೆ ಎಂಬುದನ್ನು ನನಗೆ ಯಾರೂ ಹೇಳಿರಲಿಲ್ಲ.

ಕಳೆದ ಬಕ್ರೀದ್ ರಜೆಯಲ್ಲಿ ಹಮೀದ್, ವರ್ಗವಾದಾಗ ಬಿಟ್ಟುಹೋಗಿದ್ದ ಸಾಮಾನು ಒಯ್ಯಲು ಹಾಯಿಲ್‌ಗೆ ಬಂದಿದ್ದರು. ವಾಸುದೇವ ಮೀನು ಸಾರು ಮಾಡಿದ್ದ. ಮೂವರೂ ಕೂತು ಉಂಡೆವು. "ಖಾರ ಕಡಿಮೆ ಮಾಡಿದ್ದೀಯಲ್ಲ, ಪ್ರಾಯ ಆಯ್ತಾ ನಿಂಗೆ?" ಎಂದು ಹಮೀದ್ ಎರಡನೇ ಸಲ ಬಡಿಸಿಕೊಂಡರು. ವಾಸುದೇವ ಅವರ ತಟ್ಟೆಯ ಪಕ್ಕ ಒಂದು ಲೋಟ ನೀರಿಟ್ಟ. ಹಮೀದ್ ಕೈ ತೊಳೆದು, ಕೆಳಗೆ ನಿಲ್ಲಿಸಿದ್ದ ಕಾರಿಗೆ ಹೋಗಿ, ಸೀಲ್ ಒಡೆಯದ ನೀರಿನ ಬಾಟಲಿಯೊಂದನ್ನು ತಂದು, ನಮ್ಮೆದುರಿಗೇ ಸೀಲ್ ಒಡೆದು ಕುಡಿದರು.