ನೋಡದೆ ಸಹಿ ಹಾಕದ ಕಾಕಾ

ನಾಗರಿಕತೆಗಳು ನಿಂತಿರುವುದು ಹೆಸರು ಬಯಸದ ಸೇವಕರ ಹೆಗಲ ಮೇಲೆ. ನಾನು ಹತ್ತಿರದಿಂದ ಕಂಡ ಅಂಥ ಒಂದೇ ಹೆಗಲ ಮೇಲೆ ನಾಗರಿಕತೆಯ ಸುಳಿವು ಇರಲಿಲ್ಲ. ನೀಲಿ ಚೌಕಳಿಯ ಒಂದು ಟವೆಲ್ಲಿತ್ತು, ಕೀಬೋರ್ಡಿನ ಮೇಲೆ ಉದುರಿದ ಚಿವಡಾ ಝಾಡಿಸಲು.

ಅವರು ನಾಸಿಕದಲ್ಲಿ ನಮ್ಮ ಪಕ್ಕದ ಮನೆಯ ಕಾಕಾ. ವಿಜಯಪುರದ ಕಡೆಯಿಂದ ಬಂದು ಓಝರಿನ ವಿಮಾನ ಕಾರ್ಖಾನೆಯಲ್ಲಿ ಬಿಡಿಭಾಗಗಳ ತಪಾಸಣೆ ಮಾಡುತ್ತಿದ್ದರು. ಕಣ್ಣಾರೆ ನೋಡದ ಯಾವ ವಸ್ತುವಿಗೂ ಸಹಿ ಹಾಕಬಾರದು ಎಂಬುದು ಅವರ ನಿಯಮ. ನಿವೃತ್ತರಾದ ದಿನ ಕಾರ್ಖಾನೆಯವರು ಶಾಲು ಹೊದಿಸಿದರು; ಆ ನಿಯಮವನ್ನು ವಾಪಸು ಇಸಿದುಕೊಳ್ಳುವುದನ್ನು ಮರೆತರು.

ಬಿಡುವಾದ ಕಾಕಾ ಹೊಸ ಉದ್ಯೋಗ ಹಿಡಿದರು. ಕಂಪ್ಯೂಟರ್ ನಡೆಸುವ ಮೂಲ ತಂತ್ರಾಂಶಗಳಲ್ಲಿ ಯಾರ ಸ್ವತ್ತೂ ಅಲ್ಲದ, ಯಾರು ಬೇಕಾದರೂ ಪುಕ್ಕಟೆ ಬಳಸಬಹುದಾದ ಒಂದಿದೆ. ಅದನ್ನು ದೇಶದೇಶಗಳ ಸ್ವಯಂಸೇವಕರು ಕೂಡಿ ನಡೆಸುತ್ತಾರೆ. ಅದರೊಳಗಿನ ಸಾವಿರಾರು ಪ್ಯಾಕೇಜುಗಳಿಗೆ, ಅಂದರೆ ಒಂದೊಂದು ಕೆಲಸದ ಬಿಡಿ ತಂತ್ರಾಂಶಗಳಿಗೆ, ನೋಡಿಕೊಳ್ಳಲು ಒಬ್ಬೊಬ್ಬರು ಬೇಕು. ಕಾಕಾ ವಹಿಸಿಕೊಂಡದ್ದು ಹಳೆಯ ಕಾಲದ ಕಂಪ್ಯೂಟರಿನಲ್ಲಿ ಟೈಪಿಸಿದ ಕನ್ನಡ ಕಡತಗಳನ್ನು ಇಂದಿನ ಕಂಪ್ಯೂಟರಿನಲ್ಲಿ ಓದುವಂತೆ ಮಾಡುವ ಒಂದು ಸಣ್ಣ ಪ್ಯಾಕೇಜು. ಬರೆದವರು ಯಾರೋ ಪುಣ್ಯಾತ್ಮರು, ಬರೆದು ಮಾಯವಾಗಿದ್ದರು. ಕೆಟ್ಟಾಗ ರಿಪೇರಿ ಮಾಡಿ, ಮೂಲ ತಂತ್ರಾಂಶದ ಪ್ರತಿ ಹೊಸ ಆವೃತ್ತಿಗೂ ಹೊಂದಿಸಿ ಕಳಿಸುವುದು ಇವರ ಪಾಲಿಗೆ ಬಂತು.

“ಪಗಾರ ಇಲ್ಲ, ಪ್ರಮೋಶನ್ ಇಲ್ಲ, ಬೈಯಾಕ ಒಬ್ಬ ಸಾಹೇಬನೂ ಇಲ್ಲ,” ಎನ್ನುತ್ತಿದ್ದರು ಅವರ ಹೆಂಡತಿ ಕಾಕು. “ಆದ್ರೂ ಐತವಾರ ಸುಟ್ಟಿ ಮಾತ್ರ ಇಲ್ಲ ನೋಡಪಾ ಇವರಿಗೆ.”

ಬಳಕೆದಾರರು ಎಷ್ಟು ಮಂದಿ ಎಂಬುದು ಕಾಕಾಗೂ ಗೊತ್ತಿರಲಿಲ್ಲ. ಗದಗಿನ ಹೆಣ್ಣುಮಗಳೊಬ್ಬಳು ಮಾತ್ರ, ತೀರಿಹೋದ ತಂದೆ ಬರೆದಿಟ್ಟ ನಾಟಕಗಳನ್ನು ಇದರ ದೆಸೆಯಿಂದ ಓದಿದೆ ಎಂದು ಮೇಲ್ ಹಾಕಿದ್ದಳು. ಕೊನೆಗೆ, ಒತ್ತಕ್ಷರಗಳು ಕೆಲವೆಡೆ ಜಾಗ ತಪ್ಪುತ್ತವೆ ಎಂದೂ ಸೇರಿಸಿದ್ದಳು. ಕಾಕಾ ಧನ್ಯವಾದವನ್ನು ಒಮ್ಮೆ ಓದಿದರು, ದೋಷವನ್ನು ನಾಲ್ಕು ಸಲ.

ನಾನು ಆಗಲೇ ಸಂಭಾಜಿನಗರದ ಹತ್ತಿರ ಶೇಂದ್ರಾದ ಒಂದು ಕಾರ್ಖಾನೆ ಸೇರಿ ಆ ನಗರದಲ್ಲೇ ಮನೆ ಮಾಡಿದ್ದೆ. ನಾಸಿಕಕ್ಕೆ ಬಂದಾಗ ಈ ಕೆಲಸದಲ್ಲಿ ಕೈಜೋಡಿಸತೊಡಗಿದೆ. ಮೊದಲ ಸಲ ಪ್ಯಾಕೇಜು ಸಿದ್ಧಪಡಿಸಿ ಹೆಮ್ಮೆಯಿಂದ ಒಪ್ಪಿಸಿದೆ. ನನ್ನ ಕಂಪ್ಯೂಟರಿನಲ್ಲಿ ಕುದುರೆಯಂತೆ ಓಡುತ್ತಿತ್ತು. ಕಾಕಾ ಒಂದು ಹಳೆಯ ಲ್ಯಾಪ್‌ಟಾಪನ್ನು ಪೂರ್ತಿ ಅಳಿಸಿ, ಬರಿದು ಮಾಡಿ, ಅದರಲ್ಲಿ ಹಾಕಿದರು. ಓಡಲಿಲ್ಲ. ಅದಕ್ಕೆ ಬೇಕಾದ ಇನ್ನೊಂದು ತಂತ್ರಾಂಶ ನನ್ನಲ್ಲಿ ಮೊದಲೇ ಇತ್ತು. ಬೇಕು ಎಂದು ಪಟ್ಟಿಯಲ್ಲಿ ಬರೆದಿರಲಿಲ್ಲ.

“ನಿನ್ನ ಅಡಗಿಮನ್ಯಾಗ ಉಪ್ಪು ಅದ ಅಂತ ಚೀಟ್ಯಾಗ ಉಪ್ಪು ಬರಿಯೂದು ಬಿಟ್ಟಿ. ಮಂದಿ ಏನ ಮಾಡಬೇಕು, ನಿಮ್ಮ ಮನಿಗೆ ಬರಬೇಕೇನು?”

ಎರಡು ವರ್ಷ ಹೀಗೆ ಉಪ್ಪು ಬರೆಯುವುದನ್ನು ಕಲಿತೆ. ಅಷ್ಟರಲ್ಲಿ ಕಾಕಾನ ಕಣ್ಣಿನ ನರ ಸೋಲುತ್ತಿದೆ ಎಂದರು ಡಾಕ್ಟರು. ಹೊಸ ಆವೃತ್ತಿಯ ಬಾಗಿಲು ಮುಚ್ಚಲು ಮೂರು ವಾರವಿತ್ತು. ಅಷ್ಟರೊಳಗೆ ಅದಕ್ಕೆ ಹೊಂದುವಂತೆ ದುರಸ್ತಿಯಾಗಿ ಹೋಗದಿದ್ದರೆ ಪ್ಯಾಕೇಜನ್ನು ಕೈಬಿಡುತ್ತಾರೆ. ದುರಸ್ತಿ ನಾನು ಮಾಡಿದ್ದೆ. ಕಳಿಸುವ ಅಧಿಕಾರವಿದ್ದ ಕಾಕಾಗೆ ಅದನ್ನು ಸಾಲುಸಾಲಾಗಿ ತಪಾಸಣೆ ಮಾಡುವ ಕಣ್ಣಿರಲಿಲ್ಲ; ನನಗೆ ಆ ಅಧಿಕಾರವಿರಲಿಲ್ಲ. ಅದು ಸಿಗಬೇಕಾದರೆ ಆ ಸ್ವಯಂಸೇವಕರ ಸಂಸ್ಥೆಯ ಸದಸ್ಯರೊಬ್ಬರು, ಅಂದರೆ ಕಾಕಾನಂಥವರು, ನನ್ನನ್ನು ಎದುರಿಗೆ ಕೂರಿಸಿಕೊಂಡು, ಗುರುತಿನ ಪತ್ರ ಪರೀಕ್ಷಿಸಿ, ಕಳಿಸಿದ್ದು ನಾನೇ ಎಂದು ಸಾರುವ ನನ್ನ ಡಿಜಿಟಲ್ ಕೀಲಿಗೆ ಸಹಿ ಹಾಕಬೇಕು.

ಹುಟ್ಟಿದಾಗಿನಿಂದ ನನ್ನನ್ನು ‘ನೀ’ ಎಂದ ಕಾಕಾ ಅಂದು ಇಸ್ತ್ರಿ ಅಂಗಿ ತೊಟ್ಟು ಕುಳಿತು, “ನಿಮ್ಮ ಗುರುತಿನ ಪತ್ರ ತೋರಸ್ರಿ,” ಎಂದರು. ಲೈಸೆನ್ಸ್ ಕೊಟ್ಟೆ. ಭೂತಗನ್ನಡಿಯನ್ನು ಅದರ ಮೇಲೆ ಎಳೆದಾಡಿದರು. “ಇದರ ಅವಧಿ ಹೋದ ತಿಂಗಳನ ಮುಗದದ. ನಡಿಯಂಗಿಲ್ಲ.”

“ಕಾಕಾ, ನಿಮ್ಮ ಕಿಡಕಿ ಗಾಜು ಒಡದಾಂವ ನಾನರಿ!”

“ಗಾಜಿಗೆ ನಾನ ಸಾಕ್ಷಿ. ಕೀಲಿಗೆ ಕಾಗದ ಬೇಕು.”

ಫೋನಿನಲ್ಲಿದ್ದ ಆಧಾರ್ ಚಿತ್ರವೂ ನಡೆಯಲಿಲ್ಲ. ಮನ್ಮಾಡ್ ದಾಟಿ ಸಂಭಾಜಿನಗರಕ್ಕೆ ಹೋಗಿ, ಮುಂದಿನ ಭಾನುವಾರ ಪಾಸ್‌ಪೋರ್ಟ್ ಹಿಡಿದು ಬಂದೆ. ವಾರದಲ್ಲೇ ಕಣ್ಣು ಇನ್ನಷ್ಟು ಮಂಜಾಗಿತ್ತು. ಕಾಕಾ ಅದರ ಮೇಲೆ ಭೂತಗನ್ನಡಿ ಆಡಿಸಿದರು, ಕಿಟಕಿಯ ಬೆಳಕಿಗೆ ಹಿಡಿದರು, ಮೂಗಿಗೆ ತಾಗಿಸಿದರು, ಓರೆ ಮಾಡಿದರು. ಆಮೇಲೆ ಮೇಜಿನ ಮೇಲಿಟ್ಟರು.

“ಕಾಣವಲ್ದು.”

ಕಾಕು ಮುಂದೆ ಬಂದರು. “ನಾ ಓದಿ ಹೇಳ್ತೀನಿ. ನೀವು ಬಟನ್ ಒತ್ರಿ, ಮುಗೀತು.”

“ನೀ ಓದಿದ್ರ ನೀ ಸಹಿ ಮಾಡಬೇಕಾಗತದ. ನಾ ನೋಡಿಲ್ಲ.”

“ಇಷ್ಟ ವರ್ಷದ ಕೆಲಸ ಹೊಳಿಗೆ ಹೋಗತದಲ್ರೀ!”

ಕಾಕಾ ಪಾಸ್‌ಪೋರ್ಟ್ ಮುಚ್ಚಿ ನನ್ನ ಕಡೆ ಸರಿಸಿದರು. “ಹೋಗಲಿ. ಸುಳ್ಳ ಸಹಿ ಹಾಕಿ ಉಳಿಸಿದ್ರ, ಇಷ್ಟ ವರ್ಷ ಹಾಕಿದ್ದು ಖರೇ ಸಹಿನೋ ಅಂತ ನನಗ ಸಂಶಯ ಬರತದ.” ಅಷ್ಟು ಹೇಳಿ ಒಳಗೆ ಹೋದರು. ನಲ್ಲಿಯ ನೀರಿನ ಸದ್ದು ತುಸು ಹೆಚ್ಚೇ ಹೊತ್ತು ಕೇಳಿಸಿತು.

ಮಧ್ಯಾಹ್ನ ಪುಣೆಯ ಇನ್ನೊಬ್ಬ ಸದಸ್ಯರಿಗೆ ನನ್ನಿಂದಲೇ ಮೇಲ್ ಬರೆಸಿದರು: ‘ಈತ ಮೂವತ್ತು ವರ್ಷ ನನ್ನ ನೆರೆಯವನು. ಇದು ಸಾಕಾಗುವ ಪುರಾವೆಯಲ್ಲ. ದಯವಿಟ್ಟು ನೀವು ಪರೀಕ್ಷಿಸಬೇಕು.’ ಇದಕ್ಕಿಂತ ದೊಡ್ಡ ಪ್ರಶಂಸಾಪತ್ರ ನನಗೆ ಆಮೇಲೆ ಯಾರೂ ಕೊಟ್ಟಿಲ್ಲ. ಆದರೆ ಪುಣೆಯವರು ವಿದೇಶಕ್ಕೆ ಹೋಗಿದ್ದರು, ತಿಂಗಳಾಚೆ ಬರುವವರಿದ್ದರು.

ಈಗ ಶೇಂದ್ರಾದಲ್ಲಿ ನಾನೂ ತೆರೆದು ನೋಡದ ಪೆಟ್ಟಿಗೆಗೆ ಸಹಿ ಹಾಕುವುದಿಲ್ಲ. ಇದರಿಂದ ಸಾಗಣೆ ವಿಭಾಗದಲ್ಲಿ ನನ್ನ ಜನಪ್ರಿಯತೆ ಗಣನೀಯವಾಗಿ ತಗ್ಗಿದೆ.

ಆ ಆವೃತ್ತಿಯಲ್ಲಿ ಪ್ಯಾಕೇಜು ಸೇರಲಿಲ್ಲ. ಪುಣೆಯವರು ಮರಳಿ ಬಂದು, ಪಾಸ್‌ಪೋರ್ಟ್ ನೋಡಿ, ನನ್ನ ಕೀಲಿಗೆ ಸಹಿ ಹಾಕಿದರು. ಆ ಮಳೆಗಾಲದಲ್ಲಿ ಕಾಕಾ ತೀರಿಕೊಂಡರು. ಮುಂದಿನ ಆವೃತ್ತಿಯಲ್ಲಿ ನಾನು ಕಳಿಸಿದ ಪ್ಯಾಕೇಜು ಇದೆ.